ಹಳೇ ಕಾರಿಗೆ ಇಷ್ಟೊಂದು ಖರ್ಚು ಸರಿಯೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷ ತುಂಬಿದೆ. 1,18,000 ಕಿ.ಮೀ. ಓಡಿದೆ. ಹೊಸದಾಗಿ ಕೊಂಡವರು ನಾವೇ. ಮೊದಲ ದಿನದಿಂದ ಎಲ್ಲಾ ಬಿಲ್‌ಗಳನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದೇನೆ, ಅವುಗಳ ಫೋಟೋ ಜೊತೆಗಿದೆ. ಇಷ್ಟು ವರ್ಷ ಖರ್ಚು ಮಿತಿಯಲ್ಲೇ ಇತ್ತು. ಈ ವರ್ಷ ಮಾತ್ರ ಕೈ ಕಚ್ಚಿತು. ಟೈಮಿಂಗ್ ಬೆಲ್ಟ್ (ಪುಸ್ತಕದಲ್ಲಿ 1,00,000 ಕಿ.ಮೀ.ಗೆ ಬದಲಿಸಿ ಅಂತಿದೆ), ವಾಟರ್ ಪಂಪ್, ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಷ್‌ಗಳು, ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್, ನಾಲ್ಕೂ ಟೈರು. ಅದರ ಮೇಲೆ ಇಂಜಿನ್ ಫ್ಲಶ್ (ಒಳಗಿನ ಕೊಳೆ ತೊಳೆಯುವ ದ್ರವ ಹಾಕುವುದು), ತಳಕ್ಕೆ ಕೋಟಿಂಗ್ ಅಂತ ಬೇರೆ. ಕಾರನ್ನು ಈಗ ಮಾರಿದರೆ ಬರುವ ಹಣದ ಮೂರರಲ್ಲೊಂದು ಭಾಗ ಇದಕ್ಕೇ ಹೋಯಿತು. ‘ಇದಿನ್ನು ಬಿಳಿ ಆನೆ, ಮಾರಿ ಹೊಸದು ತಗೋ’ ಅಂತಾನೆ ನಮ್ಮಣ್ಣ. ‘ಇನ್ನೈದು ವರ್ಷ ಈ ಕಡೆ ತಿರುಗಿ ನೋಡೋದೇ ಬೇಡ’ ಅಂತಾರೆ ಮೆಕ್ಯಾನಿಕ್. ಯಾರ ಮಾತು ನಂಬಲಿ? ಇಷ್ಟು ಖರ್ಚು ಸರಿಯೇ?

ಉತ್ತರ: ಬಿಲ್‌ಗಳನ್ನು ಹೀಗೆ ಜೋಪಾನ ಮಾಡಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಒಂದೊಂದನ್ನೂ ಓದಿದೆ. ಅವು ಇರುವುದರಿಂದಲೇ ಊಹೆ ಮಾಡದೆ ಉತ್ತರ ಕೊಡಲು ಸಾಧ್ಯವಾಯಿತು. ಈ ವರ್ಷದ ಖರ್ಚಿನಲ್ಲಿ ಬಹುಪಾಲು ನ್ಯಾಯವಾಗಿಯೇ ಇದೆ. ಒಂದು ಬಾಬ್ತಿನ ಬಗ್ಗೆ ಮಾತ್ರ ಗ್ಯಾರೇಜಿನವರನ್ನು ಕೇಳಲೇಬೇಕು. ಇನ್ನೊಂದು ಕಡೆ ನೀವು ಖರ್ಚು ಮಾಡಬೇಕಿತ್ತು, ಮಾಡಿಲ್ಲ. ಕಾರನ್ನು ಈಗ ಮಾರಬೇಡಿ.

ನಿಮ್ಮಣ್ಣ ಕಾರಿನ ಇವತ್ತಿನ ಬೆಲೆಯನ್ನೂ ಈ ವರ್ಷದ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾರೆ. ತುಂಬಾ ಜನ ಹೀಗೇ ನೋಡುತ್ತಾರೆ. ಆದರೆ ಕಾರಿನ ಮಾರಾಟ ಬೆಲೆ ವರ್ಷ ವರ್ಷ ಇಳಿಯುತ್ತಾ ಹೋಗುತ್ತದೆ. ಕಾರು ಹಳೆಯದಾಯಿತು ಅಂತ ಟೈರಿನ ಬೆಲೆ ಇಳಿಯುವುದಿಲ್ಲ, ಮೆಕ್ಯಾನಿಕ್‌ನ ಕೂಲಿಯೂ ಇಳಿಯುವುದಿಲ್ಲ. ಹಾಗಾಗಿ ಈ ಲೆಕ್ಕ ಹಿಡಿದರೆ ಎಷ್ಟೇ ಒಳ್ಳೆಯ ಕಾರಾದರೂ ಒಂದಲ್ಲ ಒಂದು ವರ್ಷ ಸೋಲಲೇಬೇಕು. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಮುಂದಿನ ಮೂರು ನಾಲ್ಕು ವರ್ಷ ಇದೇ ಕಾರಿನಲ್ಲಿ ಓಡಾಡಲು ವರ್ಷಕ್ಕೆ ಎಷ್ಟು ಬೀಳುತ್ತದೆ? ಇದನ್ನು ಕೊಟ್ಟು ಬೇರೆ ತಗೊಂಡರೆ ಎಷ್ಟು ಬೀಳುತ್ತದೆ?

ನಿಮ್ಮದೇ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಹೊಸದಾಗಿ ಕೊಂಡಾಗ ಕೊಟ್ಟ ಬೆಲೆ 100 ಅಂದುಕೊಳ್ಳಿ. ಬಿಲ್‌ಗಳನ್ನು ಆ ಅಳತೆಗೆ ಇಳಿಸಿದರೆ ಮೊದಲ ಎಂಟು ವರ್ಷಕ್ಕೆ ಒಟ್ಟು 16 ಆಗಿದೆ, ಈ ಒಂದೇ ವರ್ಷಕ್ಕೆ 8. ಕಾರು ಈಗ 25ರ ಆಸುಪಾಸಿಗೆ ಹೋಗುತ್ತದೆ. ಬರೀ ಈ ವರ್ಷ ನೋಡಿದರೆ ಎದೆ ಧಸಕ್ ಅನ್ನುತ್ತದೆ, ಅದು ಸಹಜ. ಆದರೆ ಒಂಬತ್ತು ವರ್ಷಕ್ಕೆ ಒಟ್ಟು 24, ಅಂದರೆ ಪ್ರತಿ ಹತ್ತು ಸಾವಿರ ಕಿ.ಮೀ.ಗೆ ಸುಮಾರು 2. ಇದು ಚೆನ್ನಾಗಿ ನೋಡಿಕೊಂಡ ಕಾರಿನ ಲೆಕ್ಕ.

ಈ ವರ್ಷದ 8 ಎಲ್ಲೆಲ್ಲಿ ಹೋಯಿತು? ಟೈರಿಗೆ 2, ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗೆ 2, ಟೈಮಿಂಗ್ ಬೆಲ್ಟ್ ಮತ್ತು ಪಂಪಿಗೆ 1.5, ಬ್ರೇಕಿಗೆ 1, ಮಾಮೂಲಿ ಸರ್ವಿಸ್‌ಗೆ 1, ಫ್ಲಶ್ ಮತ್ತು ಕೋಟಿಂಗ್‌ಗೆ 0.5. ಇವುಗಳಲ್ಲಿ ಸರ್ವಿಸ್ ಒಂದನ್ನು ಬಿಟ್ಟರೆ ಯಾವುದೂ ಒಂದು ವರ್ಷದ ಖರ್ಚಲ್ಲ. ಹಳೇ ಟೈರು ಹಾಕಿಸಿದ್ದು 62,000 ಕಿ.ಮೀ.ನಲ್ಲಿ. ಅಂದರೆ 56,000 ಕಿ.ಮೀ., ನಾಲ್ಕು ವರ್ಷ ಬಾಳಿಕೆ ಬಂತು. ಹೊಸದೂ ಅಷ್ಟೇ ಬಂದರೆ ಆ 2 ಅನ್ನೋದು ವರ್ಷಕ್ಕೆ 0.5 ಆಗುತ್ತದೆ. ಬೆಲ್ಟ್ ಎಂಟು ವರ್ಷ ಬರುತ್ತದೆ ಅಂತಿಟ್ಟುಕೊಂಡರೆ ವರ್ಷಕ್ಕೆ 0.2. ಬ್ರೇಕ್ ನಾಲ್ಕು ವರ್ಷಕ್ಕೆ ಹಂಚಿದರೆ 0.25. ಶಾಕ್, ಬುಷ್ ಆರು ವರ್ಷಕ್ಕೆ ಹಂಚಿದರೆ 0.33. ಕೂಡಿದರೆ ಸುಮಾರು 1.3. ಅದಕ್ಕೆ ಪ್ರತಿ ವರ್ಷದ ಸರ್ವಿಸ್ 1 ಸೇರಿಸಿ. ಹಳೇ ಕಾರು ಅಂದಮೇಲೆ ನೆನೆಸದ ರಿಪೇರಿ ಬಂದೇ ಬರುತ್ತದೆ, ಅದಕ್ಕೊಂದು 1.2 ಎತ್ತಿಡಿ. ಒಟ್ಟು 3.5. ಜೊತೆಗೆ ಕಾರಿನ ಬೆಲೆ ಇನ್ನು ವರ್ಷಕ್ಕೆ 3ರಂತೆ ಇಳಿಯಬಹುದು. ಅಲ್ಲಿಗೆ ಈ ಕಾರು ಇಟ್ಟುಕೊಳ್ಳಲು ವರ್ಷಕ್ಕೆ 6.5.

ಈಗ ಹೊಸ ಕಾರು. ಬೆಲೆ ಅದೇ 100 ಅನ್ನೋಣ. ಹೊಸ ಕಾರು ಬೆಲೆ ಕಳೆದುಕೊಳ್ಳುವುದು ಮೊದಲ ವರ್ಷಗಳಲ್ಲೇ ಜಾಸ್ತಿ. ಐದು ವರ್ಷಕ್ಕೆ ಅರ್ಧ ಹೋಯಿತು ಅಂತಿಟ್ಟುಕೊಂಡರೆ ವರ್ಷಕ್ಕೆ 10. ಸಾಲ ಮಾಡಿದರೆ ಬಡ್ಡಿ 4 ಅನ್ನೋಣ. ಸರ್ವಿಸ್ 1. ಒಟ್ಟು 15. ವಿಮೆ ಕೂಡ ಹಳೆಯದಕ್ಕಿಂತ ಜಾಸ್ತಿ, ಅದನ್ನು ನಾನು ಸೇರಿಸಿಯೇ ಇಲ್ಲ. ಬಡ್ಡಿ, ಬೆಲೆ ಇಳಿಕೆ ನಿಮ್ಮಲ್ಲಿ ಬೇರೆ ಇರಬಹುದು, ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ. 6.5 ಎಲ್ಲಿ, 15 ಎಲ್ಲಿ? ಅಂಕಿ ಅಷ್ಟಿಷ್ಟು ಆಚೀಚೆ ಆದರೂ ಉತ್ತರ ಬದಲಾಗುವುದಿಲ್ಲ. ಹಳೇ ಕಾರಿನ ಖರ್ಚು ಬಿಲ್ ಆಗಿ ಕೈಗೆ ಬರುತ್ತದೆ, ಅದಕ್ಕೇ ನೋವಾಗುತ್ತದೆ. ಹೊಸ ಕಾರು ಬೆಲೆ ಕಳೆದುಕೊಳ್ಳುವುದಕ್ಕೆ ಯಾರೂ ಬಿಲ್ ಕೊಡುವುದಿಲ್ಲ, ಮಾರುವ ದಿನವೇ ಅದು ಗೊತ್ತಾಗುವುದು.

ಇನ್ನು ಬಿಲ್ಲಿನ ಒಳಗೆ ಹೋಗೋಣ. ಒಟ್ಟು ಮೊತ್ತ ಸರಿ ಇದ್ದ ಮಾತ್ರಕ್ಕೆ ಪ್ರತಿ ಸಾಲೂ ಸರಿ ಅಂತಲ್ಲ.

ಟೈಮಿಂಗ್ ಬೆಲ್ಟ್ ಬಗ್ಗೆ ಎರಡು ಮಾತಿಲ್ಲ. ಅದನ್ನು ಬದಲಿಸುವ ಅವಧಿ ಕಾರಿನಿಂದ ಕಾರಿಗೆ ಬೇರೆ. ಹೆಚ್ಚಿನವಕ್ಕೆ 60,000ದಿಂದ 1,60,000 ಕಿ.ಮೀ. ಒಳಗೆ ಬರುತ್ತದೆ, ಜೊತೆಗೆ ವರ್ಷದ ಮಿತಿಯೂ ಇರುತ್ತದೆ. ನಿಮ್ಮ ಕಾರಿನ ಪುಸ್ತಕದಲ್ಲಿ 1,00,000 ಕಿ.ಮೀ. ಅಂತಿದೆ ಅಂದಿದ್ದೀರಿ. ಹಾಗಾದರೆ ನೀವು ಆಗಲೇ 18,000 ಕಿ.ಮೀ. ತಡ ಮಾಡಿದ್ದಿರಿ. ಬಹಳಷ್ಟು ಇಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬರುವ ಜಾಗಕ್ಕೇ ವಾಲ್ವ್ ಕೆಳಗೆ ಇಳಿಯುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಅಲ್ಲಿ ಸೇರದಂತೆ ಕಾಯುವುದೇ ಈ ಬೆಲ್ಟ್. ಓಡುವಾಗ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಆಮೇಲೆ ಬರುವ ಬಿಲ್ಲಿನ ಮುಂದೆ ಈ ವರ್ಷದ ಬಿಲ್ ಏನೇನೂ ಅಲ್ಲ. ಬೆಲ್ಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ದಾರ ಸೋತಿರಬಹುದು, ಹಾಗಾಗಿ ಕಣ್ಣಳತೆಯಲ್ಲಿ ಇದನ್ನು ತೀರ್ಮಾನ ಮಾಡುವುದು ಬೇಡ. ವಾಟರ್ ಪಂಪ್ ಜೊತೆಗೇ ಹಾಕಿದ್ದೂ ಸರಿ. ಅನೇಕ ಕಾರುಗಳಲ್ಲಿ ಪಂಪನ್ನು ತಿರುಗಿಸುವುದು ಇದೇ ಬೆಲ್ಟ್. ಅದನ್ನು ಬಿಚ್ಚುವ ಕೂಲಿಯೇ ದೊಡ್ಡದು. ಆರು ತಿಂಗಳ ನಂತರ ಪಂಪ್ ಸೋರಿದರೆ ಅಷ್ಟೂ ಕೂಲಿಯನ್ನು ಎರಡನೇ ಸಲ ಕೊಡಬೇಕು.

ಟೈರು, ಬ್ರೇಕ್ ವಿಷಯದಲ್ಲೂ ತಕರಾರಿಲ್ಲ. ಪ್ಯಾಡ್ 2 ಮಿ.ಮೀ.ಗೆ ಬಂದಿತ್ತು ಅಂತ ಬಿಲ್ಲಿನಲ್ಲಿ ಬರೆದಿದ್ದಾರೆ. ಹೊಸ ಪ್ಯಾಡ್ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ, 3ಕ್ಕೆ ಬಂದರೆ ಬದಲಿಸುವುದು ಒಳ್ಳೆಯದು. ಡಿಸ್ಕ್ ಎಷ್ಟು ಸವೆದಿತ್ತು ಅಂತ ಮಾತ್ರ ಬರೆದಿಲ್ಲ. ಹೆಚ್ಚಿನ ಡಿಸ್ಕ್‌ಗಳ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ಮುಂದಿನ ಸಲ ಅಳೆದು ತೋರಿಸಿ ಅನ್ನಿ. ಅಳೆಯಲು ಒಂದೆರಡು ನಿಮಿಷ ಸಾಕು.

ನನ್ನ ಕಣ್ಣು ನಿಂತಿದ್ದು ಲೋವರ್ ಆರ್ಮ್ ಬುಷ್ ಮೇಲೆ. ಏಳನೇ ವರ್ಷದ ಬಿಲ್ ತೆಗೆದು ನೋಡಿ, ಕೆಳಗಿನಿಂದ ನಾಲ್ಕನೇ ಸಾಲು. ಅಲ್ಲೂ ಅದೇ ಬುಷ್‌ಗಳಿವೆ. ಅಂದರೆ ಎರಡು ವರ್ಷವೂ ಸರಿಯಾಗಿ ಬಾಳಲಿಲ್ಲ. ರಸ್ತೆ ಕೆಟ್ಟದ್ದು ಅಂತ ಹೇಳಿ ಕಳಿಸಬಹುದು, ಅಷ್ಟಕ್ಕೇ ಒಪ್ಪಬೇಡಿ. ಲೋವರ್ ಆರ್ಮ್ ಅಂದರೆ ಚಕ್ರವನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಕೆಳಗಿನ ತೋಳು. ಅದರ ಬುಷ್ ಅಂದರೆ ಎರಡು ಕಬ್ಬಿಣದ ಬಳೆಗಳ ನಡುವೆ ಅಂಟಿಸಿದ ರಬ್ಬರು. ಕಾರನ್ನು ಜಾಕಿ ಮೇಲೆ ಎತ್ತಿದಾಗ ಚಕ್ರ ಕೆಳಗೆ ಜೋತು ಬೀಳುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ ಕಾರು ನೆಲಕ್ಕೆ ಇಳಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ. ಆಮೇಲೆ ಕಾರು ನಿಂತಾಗಲೂ ಅದು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಸರಿಯಾದ ಕ್ರಮ ಬೇರೆ. ಮೊದಲು ಸಡಿಲವಾಗಿ ಕೂರಿಸಬೇಕು. ಕಾರಿನ ಭಾರ ಚಕ್ರದ ಮೇಲೆ ಬಿದ್ದಮೇಲೆ ಕೊನೆಯ ಬಿಗಿ ಕೊಡಬೇಕು. ಸಣ್ಣ ಕೆಲಸ, ಆತುರದಲ್ಲಿ ಇದನ್ನೇ ಬಿಡುತ್ತಾರೆ. ನೀವು ಹೋಗಿ ಜಗಳ ಮಾಡಬೇಕಿಲ್ಲ. ಎರಡೂ ಬಿಲ್ ತೋರಿಸಿ, ‘ಇಷ್ಟು ಬೇಗ ಯಾಕೆ ಹೋಯಿತು? ಈ ಸಲ ಕಾರು ಇಳಿಸಿ ಬಿಗಿ ಮಾಡಿದ್ರಾ?’ ಅಂತ ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಆ ಗ್ಯಾರೇಜು ಎಂಥದ್ದು ಅಂತ ತಿಳಿಯುತ್ತದೆ.

ಒಂದೇ ಭಾಗ ಪದೇ ಪದೇ ಬಿಲ್ಲಿನಲ್ಲಿ ಬಂದರೆ ಅಲ್ಲೇ ನಿಂತು ನೋಡಬೇಕು. ನನ್ನ ಸ್ವಂತ ಕಾರಿನಲ್ಲಿ ಆದದ್ದು ಹೇಳುತ್ತೇನೆ. ಇಂಜಿನ್ ದೀಪ ಹತ್ತಿತು. ಸ್ಕ್ಯಾನರ್‌ನಲ್ಲಿ ಪಿ0171 ಅಂತ ಕೋಡ್ ಬಂತು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಆಗಿದೆ ಅನ್ನೋದಷ್ಟೇ ಅದರ ಅರ್ಥ. ಆಗ ಕೆಲಸದ ಒತ್ತಡದಲ್ಲಿ ಬೇರೆ ಗ್ಯಾರೇಜಿಗೆ ಬಿಟ್ಟಿದ್ದೆ. ಅವರು ಆಕ್ಸಿಜನ್ ಸೆನ್ಸರ್ ಬದಲಿಸಿದರು. ಹತ್ತು ದಿನಕ್ಕೆ ಮತ್ತೆ ದೀಪ ಹತ್ತಿತು. ಆಗ ಏರ್‌ಫ್ಲೋ ಸೆನ್ಸರ್ ಬದಲಿಸಿದರು. ಮತ್ತೆ ಹತ್ತಿತು. ಮೂರನೇ ಸಲ ನಾನೇ ಬಾನೆಟ್ ಎತ್ತಿ ಇಂಜಿನ್ ಚಾಲೂ ಮಾಡಿ ಕಿವಿಗೊಟ್ಟೆ. ಇಂಜಿನ್‌ಗೆ ಗಾಳಿ ಹೋಗುವ ಇನ್‌ಟೇಕ್ ಹಿಂದೆ, ಬೆರಳು ದಪ್ಪದ ಒಂದು ರಬ್ಬರ್ ಪೈಪು. ಬಾಗುವ ಜಾಗದಲ್ಲಿ, ಕೆಳಮುಖಕ್ಕೆ, ಉಗುರಿನಷ್ಟು ಬಿರುಕು. ಅಲ್ಲಿಂದ ಸುಯ್ಯ್ ಅಂತ ಗಾಳಿ ಎಳೆಯುತ್ತಿತ್ತು. ಬೆರಳಿಟ್ಟು ಮುಚ್ಚಿದ ಕೂಡಲೇ ಇಂಜಿನ್ ಸದ್ದು ಸಮ ಆಯಿತು. ಎರಡು ಸೆನ್ಸರ್‌ಗೆ ಕೊಟ್ಟ ಹಣ ದಂಡ. ಅವರ ಸ್ಪೇರ್ ಪಾರ್ಟ್ ದರ ನ್ಯಾಯವಾಗಿಯೇ ಇತ್ತು, ಕೂಲಿಯೂ ಅತಿಯಲ್ಲ. ಆದರೆ ದೋಷ ಹುಡುಕದೆ ಭಾಗ ಬದಲಿಸಿದರು. ಆದ್ದರಿಂದ ‘ದೋಷ ಹುಡುಕಿದ್ದಕ್ಕೆ’ ಅಂತ ಒಂದು ಗಂಟೆಯ ಕೂಲಿ ಹಾಕಿದರೆ ಬೇಜಾರಿಲ್ಲದೆ ಕೊಡಿ. ಬಿಲ್ಲಿನಲ್ಲಿ ಅತಿ ಹೆಚ್ಚು ಉಳಿತಾಯ ತರುವ ಸಾಲು ಅದು.

ನಿಮ್ಮ ಫೈಲಿನಲ್ಲಿ ಇಲ್ಲದ್ದು ಒಂದಿದೆ, ಅದರ ಬಗ್ಗೆ ನನಗೆ ಹೆಚ್ಚು ಚಿಂತೆ. ಒಂಬತ್ತು ವರ್ಷದಲ್ಲಿ ಬ್ರೇಕ್ ಆಯಿಲ್ ಬದಲಿಸಿದ್ದು ಒಂದೇ ಸಲ, ನಾಲ್ಕನೇ ವರ್ಷದಲ್ಲಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಬಹಳಷ್ಟು ಕಂಪನಿಗಳು ಎರಡು ಅಥವಾ ಮೂರು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತವೆ. ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿ ಐದು ವರ್ಷದ ಹಳೇ ಆಯಿಲ್ ಬಿಟ್ಟಿದ್ದಾರೆ. ದಯವಿಟ್ಟು ಈ ವಾರವೇ ಮಾಡಿಸಿ. ಖರ್ಚು ಕಡಿಮೆ ಇರುವ ಫೈಲ್ ಒಳ್ಳೆಯ ಫೈಲ್ ಅಂತ ಯಾರಾದರೂ ಅಂದರೆ ನನಗೆ ಈ ಬ್ರೇಕ್ ಆಯಿಲ್ಲೇ ನೆನಪಾಗುತ್ತದೆ.

ಫ್ಲಶ್ ವಿಷಯ ಕೆಳಗಿನ ಪ್ರಶ್ನೆಯಲ್ಲಿ ಬರುತ್ತದೆ.

ನಿಮ್ಮ ಮೆಕ್ಯಾನಿಕ್ ಮಾತನ್ನೂ ಪೂರ್ತಿ ಒಪ್ಪುವುದಿಲ್ಲ. ಐದು ವರ್ಷ ತಿರುಗಿ ನೋಡೋದು ಬೇಡ ಅನ್ನುವುದು ಸಮಾಧಾನದ ಮಾತು. ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಇನ್ನೂ ಮೊದಲಿನವೇ. ಕ್ಲಚ್ ಕೂಡ ಹಳೆಯದೇ. ಬ್ಯಾಟರಿಗೆ ಮೂರು ವರ್ಷ ಆಗಿದೆ, ಸಾಮಾನ್ಯವಾಗಿ ಅದರ ಆಯಸ್ಸು ಮೂರರಿಂದ ಐದು ವರ್ಷ. ಇವು ಒಂದೊಂದಾಗಿ ಬರುತ್ತವೆ. ಅದಕ್ಕೇ 3.5 ಲೆಕ್ಕದಲ್ಲಿ ಪ್ರತಿ ತಿಂಗಳೂ ಒಂದಿಷ್ಟು ಬೇರೆ ಎತ್ತಿಡಿ ಅನ್ನೋದು. ಹಣ ಎತ್ತಿಟ್ಟವರಿಗೆ ಕ್ಲಚ್ ಬಿಲ್ ಬಂದಾಗ ಕಾರಿನ ಮೇಲೆ ಸಿಟ್ಟು ಬರುವುದಿಲ್ಲ. ಸಿಟ್ಟಿನಲ್ಲಿ ಮಾರಿದವರು ಕಳೆದುಕೊಂಡಿದ್ದೇ ಜಾಸ್ತಿ, ಅದೂ ಇಷ್ಟೆಲ್ಲಾ ಹೊಸ ಭಾಗ ಹಾಕಿಸಿದ ಮಾರನೇ ತಿಂಗಳು. ಆ 8ರಲ್ಲಿ ಕೊಳ್ಳುವವರು ನಿಮಗೆ ವಾಪಸ್ ಕೊಡುವುದು ಅತ್ಯಲ್ಪ.

ಹಾಗಾದರೆ ಮಾರುವ ಕಾಲ ಯಾವಾಗ? ನನ್ನ ಪ್ರಕಾರ ತುಕ್ಕು ಮೊದಲನೆಯದು. ಬಾಗಿಲಿನ ಅಂಚಿನ ತುಕ್ಕಲ್ಲ, ತಳದ ಚೌಕಟ್ಟಿಗೆ, ಸಸ್ಪೆನ್ಷನ್ ಕೂರುವ ಜಾಗಕ್ಕೆ ಹಿಡಿದ ತುಕ್ಕು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವಂತಿದ್ದರೆ ಇಂಜಿನ್ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಹಣ ಹಾಕಬೇಡಿ. ಇಂಜಿನ್ ಆಯಿಲ್ ಕುಡಿಯುವುದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಸ್ಪೇರ್ ಪಾರ್ಟ್ ಸಿಗಲು ವಾರಗಟ್ಟಲೆ ಕಾಯಬೇಕಾದರೆ, ಎರಡು ವರ್ಷದ ಸರಾಸರಿ ಖರ್ಚು 3.5ರಿಂದ 7, 8ಕ್ಕೆ ಏರಿ ಅಲ್ಲೇ ನಿಂತರೆ ಆಗ ಯೋಚಿಸಿ. ಇನ್ನೊಂದು ಮಾತು, ಇದು ಹಣದ ಲೆಕ್ಕವಲ್ಲ. ಕಾರಿನಲ್ಲಿ ಏರ್‌ಬ್ಯಾಗ್ ಆಗಲಿ, ಜಾರುವುದನ್ನು ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಆಗಲಿ ಇಲ್ಲದಿದ್ದರೆ, ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಾಡುವವರು ನೀವಾದರೆ, ಆ ಕಾರಣಕ್ಕೆ ಬದಲಿಸುವುದನ್ನು ನಾನು ಯಾವತ್ತೂ ದುಂದು ಅನ್ನುವುದಿಲ್ಲ.

ಪ್ರಶ್ನೆ: ಪ್ರತಿ ಸರ್ವಿಸ್‌ನಲ್ಲೂ ಇಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಟ್ರೀಟ್‌ಮೆಂಟ್ ಅಂತ ಸೇರಿಸುತ್ತಾರೆ. ಬೇಡ ಅಂದರೆ ‘ಆಮೇಲೆ ಇಂಜಿನ್ ಹೋದರೆ ನಮ್ಮನ್ನು ಕೇಳಬೇಡಿ’ ಅಂತಾರೆ. ಇವೆಲ್ಲ ನಿಜವಾಗಿ ಬೇಕಾ?

ಉತ್ತರ: ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸರ್ವಿಸ್ ಪಟ್ಟಿ ಇರುತ್ತದೆ. ಅದನ್ನು ಗ್ಯಾರೇಜಿಗೆ ಒಯ್ಯಿರಿ. ಪಟ್ಟಿಯಲ್ಲಿ ಇರುವುದನ್ನು ತಪ್ಪಿಸಬೇಡಿ. ಇಲ್ಲದ್ದನ್ನು ಹೇಳಿದರೆ ಒಂದೇ ಪ್ರಶ್ನೆ ಕೇಳಿ: ‘ಯಾವ ತೊಂದರೆ ಕಂಡಿತು? ತೋರಿಸಿ.’ ಇಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ನಿಯಂತ್ರಿಸುವ ಥ್ರಾಟಲ್ ಬಾಡಿಯಲ್ಲಿ ಕಪ್ಪು ಮಸಿ ಕಟ್ಟಿ, ಕಾರು ನಿಂತು ಇಂಜಿನ್ ಚಾಲೂ ಇರುವಾಗ (ಐಡಲ್‌ನಲ್ಲಿ) ನಡುಗುತ್ತಿದ್ದರೆ ಕ್ಲೀನ್ ಮಾಡಿಸುವುದು ಸರಿ. ನುಣ್ಣಗೆ ಓಡುವ ಕಾರಿಗೆ ಹತ್ತು ಸಾವಿರ ಕಿ.ಮೀ.ಗೊಮ್ಮೆ ಅದನ್ನು ಮಾಡುವುದು ಅವರ ಆದಾಯಕ್ಕೆ, ನಿಮ್ಮ ಇಂಜಿನ್‌ಗಲ್ಲ.

ಇಂಜಿನ್ ಫ್ಲಶ್ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ಇಂಜಿನ್‌ಗೆ ಅದು ಬೇಡ. ಆಯಿಲ್‌ನಲ್ಲೇ ಕೊಳೆ ತೊಳೆಯುವ ಅಂಶಗಳಿರುತ್ತವೆ. ವರ್ಷಗಟ್ಟಲೆ ಆಯಿಲ್ ಬದಲಿಸದೆ ಒಳಗೆ ಜಿಡ್ಡು ಕಟ್ಟಿದ ಇಂಜಿನ್‌ಗೆ ಫ್ಲಶ್ ಹಾಕಿದರೆ ಆ ಜಿಡ್ಡು ಒಮ್ಮೆಲೇ ಎದ್ದು ಆಯಿಲ್ ಎಳೆಯುವ ಜಾಲರಿಗೆ ಸಿಕ್ಕಿಕೊಳ್ಳುವ ಭಯವಿದೆ. ಅಂಥ ಕಾರಿಗೆ ಒಳ್ಳೆಯ ಆಯಿಲನ್ನು ಕಡಿಮೆ ಅಂತರದಲ್ಲಿ ಎರಡು ಮೂರು ಸಲ ಬದಲಿಸುವುದೇ ಸುರಕ್ಷಿತ.

ಎಸಿ ಕೆಟ್ಟ ವಾಸನೆ ಬಂದರೆ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಎಷ್ಟೋ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದೆಯೇ ಇರುತ್ತದೆ, ಯಾವ ಸಲಕರಣೆಯೂ ಬೇಡ, ಕೈಯಲ್ಲೇ ಬಿಚ್ಚಬಹುದು. ಒಣಗಿದ ಎಲೆ, ಧೂಳು ತುಂಬಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ನಿಮ್ಮ ಸಮಸ್ಯೆ ಅಲ್ಲೇ ಇದೆ.

ಬೇಡದ್ದನ್ನು ಬೇಡ ಅನ್ನಲು ಸುಲಭ ದಾರಿ ಅಂದರೆ ಕಾರು ಬಿಡುವಾಗಲೇ ಬರೆಸುವುದು. ಜಾಬ್ ಕಾರ್ಡಿನಲ್ಲಿ ‘ಪುಸ್ತಕದ ಪಟ್ಟಿಯಂತೆ ಮಾತ್ರ. ಬೇರೆ ಏನೇ ಇದ್ದರೂ ಫೋನ್ ಮಾಡಿ ಕೇಳಿ. ಬದಲಿಸಿದ ಹಳೇ ಭಾಗ ವಾಪಸ್ ಕೊಡಿ’ ಅಂತ ಬರೆಸಿ ಸಹಿ ಹಾಕಿ. ಹಳೇ ಭಾಗ ಕೇಳುವವರ ಬಿಲ್ಲಿನಲ್ಲಿ ಸುಮ್ನೆ ಸೇರಿಸುವ ಸಾಲುಗಳು ಕಡಿಮೆಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬೆದರಿಸಿದರೆ ಅದನ್ನೂ ಬರೆದು ಕೊಡಿ ಅನ್ನಿ: ಯಾವ ಕೆಲಸ ಬೇಡ ಅಂದಿದ್ದಕ್ಕೆ ಯಾವ ಭಾಗ ಹಾಳಾಗಬಹುದು ಅಂತ. ಕಾರಣ ನಿಜವಾಗಿದ್ದರೆ ಬರೆದು ಕೊಡಲು ಅವರಿಗೆ ಕಷ್ಟವಿಲ್ಲ.

ಪ್ರಶ್ನೆ: ನನ್ನ ಕಾರು ವರ್ಷಕ್ಕೆ 3,000 ಕಿ.ಮೀ. ಕೂಡ ಓಡುವುದಿಲ್ಲ. ಆದರೂ ಪ್ರತಿ ವರ್ಷ ಸರ್ವಿಸ್ ಮಾಡಿಸಿ ಅನ್ನುತ್ತಾರೆ. ಇದು ದಂಡದ ಖರ್ಚಲ್ಲವೇ?

ಉತ್ತರ: ಅಲ್ಲ, ಮಾಡಿಸಿ. ಪಟ್ಟಿಯಲ್ಲಿ ‘ಇಷ್ಟು ಕಿ.ಮೀ. ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಅಂತಿರುತ್ತದೆ. ಕಡಿಮೆ ಓಡುವ ಕಾರು ಹೆಚ್ಚಾಗಿ ಹತ್ತಿರದ ಓಡಾಟಕ್ಕೇ ಬಳಕೆಯಾಗುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ಒಳಗೆ ಸೇರಿದ ತೇವ, ಉರಿಯದ ಪೆಟ್ರೋಲು ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಉಳಿಯುತ್ತವೆ. ಬ್ಯಾಟರಿಯೂ ಪೂರ್ತಿ ಚಾರ್ಜ್ ಆಗದೆ ಬೇಗ ಸಾಯುತ್ತದೆ. ನಿಮ್ಮ ಖರ್ಚನ್ನು ಕಿ.ಮೀ.ಗೆ ಭಾಗಿಸಿದರೆ ಯಾವಾಗಲೂ ದುಬಾರಿಯೇ ಕಾಣುತ್ತದೆ, ಹಾಗಾಗಿ ವರ್ಷದ ಲೆಕ್ಕ ಹಿಡಿಯಿರಿ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 3518 ಅಂತಿದ್ದರೆ 2018ರ 35ನೇ ವಾರದಲ್ಲಿ ತಯಾರಾದದ್ದು. ಮೇಲಿನ ಗೀರು ಎಷ್ಟೇ ಆಳ ಉಳಿದಿದ್ದರೂ ರಬ್ಬರು ಒಣಗುತ್ತದೆ. ಆರು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತೋರಿಸಿ, ಹತ್ತು ವರ್ಷ ಆದದ್ದನ್ನು ಓಡಿಸಬೇಡಿ. ವಾರಕ್ಕೊಮ್ಮೆ ಕಾರನ್ನು ಅರ್ಧ ಗಂಟೆ ದೊಡ್ಡ ರಸ್ತೆಯಲ್ಲಿ ಓಡಿಸಿ ತನ್ನಿ. ಇಂಜಿನ್ ಪೂರ್ತಿ ಬಿಸಿಯಾಗುತ್ತದೆ, ಬ್ಯಾಟರಿಗೂ ಚಾರ್ಜ್ ಸಿಗುತ್ತದೆ.